ಜಾತ್ರೆಯ ಟರ್ರ್ ದೋಣಿ ಮನೇಲೇ ಮಾಡೋದು ಹೇಗೆ, ಮತ್ತೆ ಅದು ಹಿಂದಕ್ಕೆ ಯಾಕೆ ಹೋಗಲ್ಲ

ಜಾತ್ರೇಲಿ ನೋಡಿರ್ತೀರ, ಅಗಲದ ಬೇಸಿನ್‌ಗೆ ನೀರು ತುಂಬ್ಕೊಂಡು ಕೂತಿರ್ತಾರೆ, ಅದರಲ್ಲಿ ತಗಡಿನ ಪುಟ್ಟ ದೋಣಿ ಒಂದು ಟರ್ರ್ರ್ ಅಂತ ಸುತ್ತು ಹೊಡೀತಾ ಇರತ್ತೆ. ಸೆಲ್ ಇಲ್ಲ, ಕೀ ಕೊಡೋದಿಲ್ಲ, ಒಳಗೆ ಒಂದು ಎಣ್ಣೆ ಬತ್ತಿ ಅಷ್ಟೇ. ನಾನು ಹಠ ಮಾಡಿ ಕೊಡಿಸ್ಕೊಂಡಿದ್ದು ಎರಡನೇ ದಿನಕ್ಕೇ ನಿಂತೋಯ್ತು, ಸರಿ ಅಂತ ಬಿಚ್ಚಿ ನೋಡಿದ್ರೆ ಒಳಗೆ ಮಷೀನೇ ಇಲ್ಲ! ಒಂದು ಚಪ್ಪಟೆ ಡಬ್ಬಿ, ಅದರಿಂದ ಹಿಂದಕ್ಕೆ ಎರಡು ಸಣ್ಣ ಕೊಳವೆ. ಇಂಥದ್ದಕ್ಕೆ 1891ರಲ್ಲೇ ಥಾಮಸ್ ಪಿಯೋ ಅನ್ನೋರು ಬ್ರಿಟನ್‌ನಲ್ಲಿ ಪೇಟೆಂಟ್ ತಗೊಂಡಿದ್ರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಡಬ್ಬಿ ಇರೋ ದೋಣಿ ಮಾಡೋಕೆ ಬೆಸುಗೆ ಕೆಲಸ ಬರ್ಬೇಕು, ಒಂದು ಕಡೆ ಲೀಕ್ ಆದ್ರೂ ಮುಗೀತು. ಅದಕ್ಕೆ ಸುರುಳಿ ಥರದ್ದು ಹೇಳ್ತೀನಿ, ಇದಕ್ಕೆ ಬೆಸುಗೆ ಬೇಡ. 3 ಮಿಲಿಮೀಟರ್ ದಪ್ಪದ ತಾಮ್ರದ ಟ್ಯೂಬು ಒಂದೂವರೆ ಅಡಿ, ಊಟ ಪಾರ್ಸೆಲ್ ಬರತ್ತಲ್ಲ ಆ ಅಲ್ಯೂಮಿನಿಯಂ ಫಾಯಿಲ್ ಡಬ್ಬಿ, ಎಂ-ಸೀಲ್, ಒಂದು ಗಿಡ್ಡ ಮೇಣದಬತ್ತಿ, ಒಂದು ಸಿರಿಂಜ್. ಟ್ಯೂಬನ್ನ ಫ್ರಿಜ್ ರಿಪೇರಿ ಅಂಗಡೀಲಿ ಕೇಳಿ ನೋಡಿ, ಆದ್ರೆ ಅವರು ಕೂದಲೆಳೆಯಷ್ಟು ತೂತಿರೋ ಕ್ಯಾಪಿಲರಿ ಕೊಟ್ರೆ ಬೇಡ ಅನ್ನಿ, ಕಡ್ಡಿಪೆಟ್ಟಿಗೆ ಕಡ್ಡಿ ಆದ್ರೂ ಒಳಗೆ ಹೋಗೋ ಅಷ್ಟು ತೂತಿರ್ಬೇಕು.

ಟ್ಯೂಬ್ ಬಗ್ಗಿಸೋದೇ ದೊಡ್ಡ ಕೆಲಸ, ಎಲ್ಲರೂ ಇಲ್ಲೇ ಸೋಲೋದು. ಹಾಗೇ ಮಾರ್ಕರ್ ಪೆನ್ನಿಗೆ ಸುತ್ತೋಕೆ ಹೋದ್ರೆ ಸೊಟ್ಟಗೆ ಮಡಚ್ಕೊಂಡು ತೂತು ಮುಚ್ಚೋಗತ್ತೆ. ಮೊದ್ಲು ಟ್ಯೂಬಿನ ನಡುಭಾಗನ ಇಕ್ಕಳದಲ್ಲಿ ಹಿಡ್ಕೊಂಡು ಗ್ಯಾಸ್ ಒಲೆ ಮೇಲೆ ಮಂದವಾಗಿ ಕೆಂಪಗಾಗೋ ತನಕ ಕಾಯಿಸಿ, ಆಮೇಲೆ ನೀರಿಗೆ ಅದ್ದಿ. ಕಮ್ಮಾರರು ಕಬ್ಬಿಣ ಕಾಯಿಸಿ ನೀರಿಗೆ ಹಾಕಿದ್ರೆ ಗಟ್ಟಿಯಾಗತ್ತಲ್ವಾ, ತಾಮ್ರ ಅದಕ್ಕೆ ಉಲ್ಟಾ, ಮೆತ್ತಗಾಗತ್ತೆ. ಟ್ಯೂಬ್ ಒಳಗೆ ಪೂರ್ತಿ ಒಣಗಿದ ಮೇಲೆ ಪುಡಿ ಉಪ್ಪು ತುಂಬಿ, ತಟ್ಟಿ ತಟ್ಟಿ ಕೂರಿಸಿ, ಎರಡೂ ಬಾಯಿಗೆ ಟೇಪ್ ಹಾಕಿ. ಈಗ ಮಾರ್ಕರ್‌ಗೆ ನಿಧಾನಕ್ಕೆ ಮೂರು ಸುತ್ತು ಸುತ್ತಿ, ಉಪ್ಪು ಒಳಗಿಂದ ಆತ್ಕೊಂಡಿರೋದ್ರಿಂದ ಮಡಚಲ್ಲ. ಮರಳಿನಲ್ಲೂ ಆಗತ್ತೆ ಆದ್ರೆ ಒಂದೆರಡು ಕಾಳು ಒಳಗೇ ಸಿಕ್ಕಾಕೊಂಡ್ರೆ ತೆಗೆಯೋದು ಕಷ್ಟ, ಉಪ್ಪಾದ್ರೆ ಬಿಸಿನೀರಲ್ಲಿ ಕರಗಿ ಹೋಗತ್ತೆ.

ಡಬ್ಬಿಯ ಹಿಂಭಾಗದಲ್ಲಿ ತಳಕ್ಕೆ ಹತ್ರ ಎರಡು ತೂತು ಮಾಡಿ ಟ್ಯೂಬಿನ ಎರಡೂ ಕಾಲನ್ನ ಹೊರಗೆ ತನ್ನಿ. ಸುರುಳಿ ದೋಣಿಯ ನಡುವಲ್ಲಿ, ಮೇಣದ ಉರಿ ತುದಿ ಮುಟ್ಟೋ ಎತ್ತರದಲ್ಲಿ ಇರ್ಬೇಕು, ಹೊರಗಿನ ಬಾಯಿ ಎರಡೂ ನೀರಿನೊಳಗೆ ಮುಳುಗಿರ್ಬೇಕು. ತೂತಿನ ಸುತ್ತ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡಿ. ಆಮೇಲೆ ಸಿರಿಂಜಲ್ಲಿ ಒಂದು ಬಾಯಿಂದ ನೀರು ತುಂಬಿಸಿ, ಇನ್ನೊಂದರಿಂದ ಗುಳ್ಳೆ ಇಲ್ಲದೆ ನೀರು ಬರೋ ತನಕ. ಎರಡು ಕೊಳವೆ ಇರೋದೇ ಇದಕ್ಕೆ, ಒಂದರಲ್ಲಿ ನೀರು ಹೋಗ್ತಾ ಇನ್ನೊಂದರಲ್ಲಿ ಗಾಳಿ ಆಚೆ ಬರತ್ತೆ. ಓಡೋಕೆ ಒಂದೇ ಸಾಕು. ಬೆರಳಲ್ಲಿ ಬಾಯಿ ಮುಚ್ಚಿ ನೀರಿಗಿಳಿಸಿ, ನೀರೊಳಗೇ ಬೆರಳು ತೆಗೀರಿ, ಮೇಣದಬತ್ತಿ ಹಚ್ಚಿ. ಮಕ್ಕಳು ಮಾಡ್ತಿದ್ರೆ ಬೆಂಕಿ ಕೆಲಸ ಎಲ್ಲಾ ನೀವೇ ಮಾಡಿ, ತಾಮ್ರ ನೋಡೋಕೆ ತಣ್ಣಗಿದ್ದಂಗೆ ಕಂಡ್ರೂ ಚುರ್ ಅನ್ನಿಸತ್ತೆ.

ಸ್ವಲ್ಪ ಹೊತ್ತಿಗೆ ದೋಣಿ ನಡುಗೋಕೆ ಶುರು ಮಾಡಿ ಹೊರಡತ್ತೆ. ಸುರುಳೀಲಿರೋ ನೀರು ಕುದ್ದು ಆವಿ ಆಗತ್ತೆ, ನೀರು ಆವಿಯಾದ್ರೆ ಜಾಗ 1,600 ಪಟ್ಟಿಗಿಂತ ಜಾಸ್ತಿ ಬೇಕು, ಅದಕ್ಕೆ ಕೊಳವೇಲಿರೋ ನೀರನ್ನ ಹಿಂದಕ್ಕೆ ದಬ್ಬತ್ತೆ, ದೋಣಿ ಮುಂದೆ ಹೋಗತ್ತೆ. ಹಾಗೆ ದಬ್ತಾ ದಬ್ತಾ ಆವಿ ಕೊಳವೆಯ ತಣ್ಣನೆ ಭಾಗಕ್ಕೆ ಬಂತು ಅಂದ್ರೆ ಮತ್ತೆ ನೀರಾಗಿಬಿಡತ್ತೆ, ಒಳಗೆ ಒತ್ತಡ ಕುಸಿಯತ್ತೆ, ಹೊರಗಿನ ಗಾಳಿಯ ಒತ್ತಡ ನೀರನ್ನ ವಾಪಸ್ ಒಳಗೆ ನೂಕತ್ತೆ. ಮತ್ತೆ ಕುದಿಯತ್ತೆ. ಸೆಕೆಂಡಿಗೆ ಹಲವು ಸಲ ಇದೇ ಕಥೆ.

ಇಲ್ಲಿ ಒಂದು ಪ್ರಶ್ನೆ ಬರ್ಬೇಕು ನಿಮಗೆ. ಉಗುಳಿದ ನೀರನ್ನೇ ಮತ್ತೆ ಒಳಗೆ ಎಳ್ಕೊಳತ್ತೆ ಅಂದ್ರೆ, ಉಗುಳಿದಾಗ ಮುಂದೆ ಹೋಗಿದ್ದು ಎಳ್ಕೊಂಡಾಗ ಅಷ್ಟೇ ಹಿಂದೆ ಬರ್ಬೇಕಲ್ವಾ? ನಂಗೆ ಇದು ತುಂಬಾ ದಿನ ತಲೆ ತಿಂದಿತ್ತು. ಅದೇ ಮೇಣದಬತ್ತಿ ತಗೊಳ್ಳಿ, ಒಂದು ಗೇಣು ದೂರದಿಂದ ಉಫ್ ಅಂತ ಊದಿ, ಆರೋಗತ್ತೆ. ಈಗ ಅಷ್ಟೇ ದೂರದಿಂದ ಉಸಿರು ಎಳ್ಕೊಂಡು ಆರಿಸಿ ನೋಡೋಣ. ಆಗಲ್ಲ. ಊದಿದಾಗ ಗಾಳಿ ಒಂದೇ ದಿಕ್ಕಿಗೆ ಬಾಣದ ಥರ ಹೋಗತ್ತೆ, ಎಳ್ಕೊಂಡಾಗ ತುಟಿ ಸುತ್ತಮುತ್ತ ಎಲ್ಲಾ ಕಡೆಯಿಂದ ಬರತ್ತೆ. ದೋಣಿಯ ಕೊಳವೆ ಬಾಯಲ್ಲೂ ಇದೇ ನಡೆಯೋದು. ಜೊತೆಗೆ ಒಳಗೆ ನುಗ್ಗಿದ ನೀರು ಒಳಗೇ ನಿಲ್ಲುವಾಗ ದೋಣೀನ ಮುಂದಕ್ಕೆ ತಳ್ಳತ್ತೆ, ಎಳ್ಕೊಂಡಾಗ ಹಿಂದಕ್ಕೆ ಆದ ಚೂರುಪಾರು ಎಳೆತ ಅಲ್ಲಿಗೆ ಸರಿಹೋಗತ್ತೆ. ಲಾನ್‌ಗೆ ನೀರು ಚಿಮ್ಮಿಸೋ ಸ್ಪ್ರಿಂಕ್ಲರನ್ನ ನೀರು ಎಳ್ಕೊಳೋ ಹಾಗೆ ಮಾಡಿದ್ರೆ ಯಾವ ಕಡೆ ತಿರುಗತ್ತೆ ಅಂತ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟೀಲಿ ಓದ್ತಿದ್ದಾಗ ಲ್ಯಾಬಲ್ಲಿ ಪ್ರಯೋಗ ಮಾಡೋಕೆ ಹೋಗಿ ದೊಡ್ಡ ಗಾಜಿನ ಬುರುಡೆನೇ ಒಡೆದುಹಾಕಿದ್ರು, ಅಂದ್ರೆ ನಾವು ತಲೆ ಕೆಡಿಸ್ಕೊಂಡಿದ್ದು ಸಣ್ಣ ಪ್ರಶ್ನೆ ಅಲ್ಲ.

ದೋಣಿ ಅಲ್ಲಾಡ್ತಾನೇ ಇಲ್ಲ ಅಂದ್ರೆ ಮುಕ್ಕಾಲು ಪಾಲು ಒಳಗೆ ಗಾಳಿ ಉಳಿದಿರತ್ತೆ, ಮತ್ತೆ ತುಂಬಿಸಿ. ಉರಿ ಸುರುಳಿಗೆ ಸರಿಯಾಗಿ ತಾಗ್ತಿಲ್ಲ ಅಂದ್ರೂ ಅಷ್ಟೇ. ಓಡ್ತಾ ಓಡ್ತಾ ನಿಂತ್ರೆ ಉರಿ ಆರಿಸಿ, ಒಣಗಿದ ಟ್ಯೂಬ್ ಕಾಯ್ತಾ ಇದ್ರೆ ಎಂ-ಸೀಲ್ ಬಿಟ್ಕೊಳತ್ತೆ. ಇನ್ನು ಇದು ಟರ್ರ್ ಅನ್ನಲ್ಲ ಅಂತ ಬೈಬೇಡಿ, ಆ ಸದ್ದು ಬರೋದು ಅಂಗಡಿ ದೋಣಿಯ ಡಬ್ಬಿ ಮೇಲಿನ ತೆಳು ತಗಡು ಉಬ್ಬಿ ತಗ್ಗೋದ್ರಿಂದ, ಡಬ್ಬದ ಮುಚ್ಚಳ ಒತ್ತಿದ್ರೆ ಟಕ್ ಅನ್ನತ್ತಲ್ಲ ಹಾಗೆ. ನಮ್ಮ ಸುರುಳೀಲಿ ಅದು ಇಲ್ಲ.

ಸದ್ದಿನ ಬದಲು ಕಣ್ಣಿಗೆ ಇನ್ನೊಂದು ಇದೆ. ಓಡ್ತಿರೋ ದೋಣೀನ ಬೆರಳಲ್ಲಿ ಹಿಡಿದು ನಿಲ್ಲಿಸಿ, ಕೊಳವೆ ಬಾಯಿ ಹತ್ರ ಎರಡು ಹನಿ ನೀಲಿ ಶಾಯಿ ಬಿಡಿ. ಬಣ್ಣ ಸುತ್ತಲಿಂದ ಬಾಯಿಗೆ ಬಂದು, ಒಂದೇ ಗೆರೆಯಾಗಿ ಹಿಂದಕ್ಕೆ ಚಿಮ್ಮೋದು ಕಾಣತ್ತೆ, ಬಿಳಿ ಬಕೆಟ್ ಆದ್ರೆ ಇನ್ನೂ ಚೆನ್ನಾಗಿ.