ಅಪ್ಪನ ಪಿತ್ತನಾಳದ ಕ್ಯಾನ್ಸರ್: ಸರಿಯಾದ ಡಾಕ್ಟರನ್ನು ಹುಡುಕಿದ್ದು ಹೀಗೆ

ಲಿವರ್‌ನಲ್ಲಿ ಗಡ್ಡೆ ಅಂದ ತಕ್ಷಣ ನೆಂಟರೆಲ್ಲ ಕೇಳಿದ್ದು ಒಂದೇ: "ಕುಡೀತಿದ್ರಾ?" ಕಾಫಿ ಬಿಟ್ಟು ಅಪ್ಪ ಬೇರೇನೂ ಮುಟ್ಟಿದವರಲ್ಲ. ಲಿವರ್ ಒಳಗೆ ಪಿತ್ತರಸ ಹರಿಯುವ ಸಣ್ಣ ನಾಳಗಳಿವೆ. ಅವುಗಳ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಇದು, ಹೆಸರು ಕೊಲಾಂಜಿಯೋಕಾರ್ಸಿನೋಮಾ. ತುಂಬಾ ಜನರಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಕಾಮಾಲೆಯೂ ಬಂದಿರಲಿಲ್ಲ; ಗಡ್ಡೆ ಲಿವರ್ ಒಳಗೇ ಇದ್ದರೆ ಎಷ್ಟೋ ಸಲ ಹಾಗೇ.

ಬಯಾಪ್ಸಿ ರಿಪೋರ್ಟಿನಲ್ಲಿ ಬರೀ 'ಅಡಿನೋಕಾರ್ಸಿನೋಮಾ', ಅಂದ್ರೆ ಗ್ರಂಥಿಯಂಥ ಕೋಶಗಳ ಕ್ಯಾನ್ಸರ್, ಅಂತಿತ್ತು. ಕರುಳಿನಿಂದಲೋ ಹೊಟ್ಟೆಯಿಂದಲೋ ಲಿವರ್‌ಗೆ ಹರಡಿದ್ದೂ ಹಾಗೇ ಕಾಣಬಹುದು. ಅದಕ್ಕೇ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಿದರು. ರಕ್ತದಲ್ಲಿ ಸಿಎ 19-9 ಅನ್ನುವ ಕ್ಯಾನ್ಸರ್ ಸೂಚಕ ಜಾಸ್ತಿ ಇತ್ತು. ಸಾಮಾನ್ಯವಾಗಿ 37ರ ಒಳಗಿರಬೇಕು, ಆದರೆ ಕಲ್ಲಿನಿಂದ ನಾಳ ಕಟ್ಟಿಕೊಂಡರೂ ಏರುತ್ತದೆ.

ಆಮೇಲೆ ನಾನು ಹುಡುಕಿದ್ದು ಎಚ್‌ಪಿಬಿ ಸರ್ಜನ್‌ಗಳನ್ನು, ಅಂದ್ರೆ ಲಿವರ್, ಪ್ಯಾಂಕ್ರಿಯಾಸ್, ಪಿತ್ತನಾಳದ ಆಪರೇಷನ್ನೇ ಮಾಡುವವರನ್ನು. ಸರ್ಜನ್, ಕೀಮೋ ಡಾಕ್ಟರ್, ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಇದೆಯಾ ಅಂತ ಫೋನಿನಲ್ಲೇ ಕೇಳುತ್ತಿದ್ದೆ. "ಏನದು?" ಅಂದರೆ ಆ ಆಸ್ಪತ್ರೆ ಪಟ್ಟಿಯಿಂದ ಔಟ್. ಮುಂಬೈನ ಟಾಟಾ ಮೆಮೋರಿಯಲ್ ತಜ್ಞರ ಅಭಿಪ್ರಾಯವನ್ನು 'ನವ್ಯಾ' ಅನ್ನುವ ಆನ್‌ಲೈನ್ ಸೇವೆಯ ಮೂಲಕ ಊರಲ್ಲೇ ಕೂತು ಪಡೆಯಬಹುದು.

ಹೋದಲ್ಲೆಲ್ಲ ಸ್ಕ್ಯಾನಿನ ಸಿಡಿ, ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕ್ ಜೊತೆಗಿರುತ್ತಿತ್ತು. ಬರೀ ರಿಪೋರ್ಟ್ ಹಾಳೆ ನೋಡಿ ಒಳ್ಳೆ ಸರ್ಜನ್ ಮಾತಾಡುವುದಿಲ್ಲ. ಬ್ಲಾಕ್ ಅಂದರೆ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಮೇಣದೊಳಗೆ ದಾರದೆಳೆಯಂಥ ಮಾಂಸದ ಚೂರು. ಬಿಸಿಲಿನ ಕಾರಲ್ಲಿ ಬಿಡಬೇಡಿ. ಎಫ್‌ಜಿಎಫ್‌ಆರ್2, ಐಡಿಎಚ್1 ಜೀನ್ ಬದಲಾವಣೆ ನೋಡುವುದೂ ಇದರಿಂದಲೇ. ಆಪರೇಷನ್ ಆಗದವರಲ್ಲಿ ಈ ಬದಲಾವಣೆ ಇದ್ದರೆ ಅದಕ್ಕೆಂದೇ ಮಾತ್ರೆಗಳಿವೆ, ಬೆಲೆ ಮಾತ್ರ ಕೇಳಬೇಡಿ.

ಸರ್ಜನ್ ಪರದೆ ಮೇಲೆ ತೋರಿಸಿದರು: ಲಿವರ್‌ನ ಬಲಭಾಗ ಪೂರ್ತಿ ತೆಗೆಯಬೇಕು, ಉಳಿಯುವ ಎಡಭಾಗ ಸಾಲದು. ಅಷ್ಟಕ್ಕೇ ಆಪರೇಷನ್ ಆಗಲ್ಲ ಅನ್ನುವವರಿದ್ದಾರೆ. ಇವರು ಬಲಕ್ಕೆ ಹೋಗುವ ಪೋರ್ಟಲ್ ರಕ್ತನಾಳವನ್ನು ಸೂಜಿ ಮೂಲಕ ಮುಚ್ಚಿಸಿದರು. ರಕ್ತವೆಲ್ಲ ಎಡಕ್ಕೆ ಹರಿದು ಕೆಲವು ವಾರಗಳಲ್ಲಿ ಎಡಭಾಗ ಬೆಳೆಯಿತು. ಮತ್ತೆ ಸಿಟಿ, ಮತ್ತೆ ಅಳತೆ, ಆಮೇಲೆ ಆಪರೇಷನ್.

ನಂತರ ಆರು ತಿಂಗಳು ಕ್ಯಾಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆ. ಅಂಗಾಲು ಸುಲಿದು ಅಪ್ಪನಿಗೆ ಚಪ್ಪಲಿ ಹಾಕಲೂ ಆಗುತ್ತಿರಲಿಲ್ಲ. ಹೇಳಿದ ಮೇಲೆ ಡೋಸ್ ಇಳಿಸಿದರು. ಈಗ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ನಡೀತಿದೆ.