ಮಣ್ಣು ಕೇಳಿದಾಗ ಮಾತ್ರ ಮೋಟರು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಮ್ಮ ಹಿಪ್ಪುನೇರಳೆ ತೋಟ ನಿಂತಿರುವುದು ಒಂದೇ ಬೋರ್‌ವೆಲ್ ಮೇಲೆ. ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬಂದರೂ ಆಟೋ ಸ್ಟಾರ್ಟರ್ ಮೋಟರು ಓಡಿಸುತ್ತದೆ, ಹಿಂದಿನ ರಾತ್ರಿ ಮಳೆ ಹುಯ್ದಿದ್ದರೂ ಸರಿಯೇ. ಎಂಜಿನಿಯರಿಂಗ್ ಓದುವಾಗ ನಾನು ಕೈ ಹಾಕಿದ್ದು ಇಲ್ಲಿಗೆ: ಮಣ್ಣು ಒಣಗಿದಾಗ ಮಾತ್ರ ಮೋಟರು ಓಡಬೇಕು.

ತೋಟಕ್ಕೊಂದು, ಪಂಪ್‌ಹೌಸಿಗೊಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರು), ಮಣ್ಣಿಗೆ ಕರೆಂಟು ಹರಿಸದೆ ಅಳೆಯುವ ಕೆಪ್ಯಾಸಿಟಿವ್ ತೇವಾಂಶ ಸೆನ್ಸರುಗಳು, ಲಿಥಿಯಂ ಸೆಲ್ಲು, ಚಿಕ್ಕ ಸೋಲಾರ್ ಪ್ಯಾನೆಲ್ಲು ಸಾಕಾಯಿತು. ಎರಡು ಕಡ್ಡಿಯ ಅಗ್ಗದ ಸೆನ್ಸರು ಮಣ್ಣಿನೊಳಗೇ ಕರೆಂಟು ಹರಿಸಿ ಅಳೆಯುತ್ತದೆ, ಕಡ್ಡಿ ಬೇಗ ತಿಂದುಹೋಗುತ್ತದೆ. ಅದು ಬೇಡ. ವೈಫೈ ನಡೆಯುತ್ತಿರುವಾಗ ಇಎಸ್‌ಪಿ32ರಲ್ಲಿ ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎರಡು ಗುಂಪಿನ ಪಿನ್ನುಗಳಲ್ಲಿ ಎಡಿಸಿ2ರವನ್ನು ನಂಬುವಂತಿಲ್ಲ, ಸೆನ್ಸರನ್ನು ಎಡಿಸಿ1ಕ್ಕೇ ಕೊಡಿ. ಸೆನ್ಸರಿನ ಮೇಲ್ತುದಿಯ ಬಿಡಿಭಾಗಗಳಿಗೆ ನೀರು ತಾಗದಂತೆ ಎಪಾಕ್ಸಿ ಅಂಟು ಬಳಿಯಿರಿ.

ಇದಿಷ್ಟೂ ಸುಲಭದ ಕೆಲಸ. ಕಷ್ಟವಿರುವುದು ಮಣ್ಣನ್ನು ಓದುವುದರಲ್ಲಿ. ಸೆನ್ಸರು ಕೊಡುವುದು ಬರೀ ಒಂದು ಅಂಕಿ. ಒದ್ದೆ ಹೆಚ್ಚಾದಷ್ಟೂ ಅದು ಇಳಿಯುತ್ತದೆ. ಯಾವ ಅಂಕಿಗೆ ಗಿಡಕ್ಕೆ ಬಾಯಾರಿಕೆ ಎಂಬುದು ಅಂಗಡಿಯ ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಡ್ರಿಪ್ಪರಿನಿಂದ ಒಂದು ಗೇಣು ದೂರದಲ್ಲಿ, ಬೇರಿನ ಆಳದಿಂದ ಮಣ್ಣು ತೆಗೆದು ತೂಗಿದೆ. ಕಾಲೇಜಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿದೆ. ಕಳೆದ ತೂಕವೇ ನೀರು. ನೀರು ಬಿಟ್ಟ ಮಾರನೆಯ ದಿನ, ಮಣ್ಣು ಆರುತ್ತಾ ಬಂದಾಗ, ಎಲೆ ಬಾಡುವ ಹೊತ್ತಿಗೆ, ಹೀಗೆ ಬೇರೆ ಬೇರೆ ಹದದಲ್ಲಿ ಇದನ್ನೇ ಮಾಡಿ ಅಂಕಿಗಳ ಪಕ್ಕ ಬರೆದುಕೊಂಡೆ. ಹದ ನೋಡಲು ಅಪ್ಪ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟುತ್ತಾರೆ. ಅವರು ಹೇಳಿದ್ದನ್ನೂ ಅದೇ ಪುಸ್ತಕದಲ್ಲಿ ಬರೆದೆ. ನನ್ನ ಪಟ್ಟಿಯಲ್ಲಿ ಅತಿ ಬೆಲೆಯ ಕಾಲಂ ಅದು.

ಆ್ಯಪ್ ಮಾಡಲಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯ ತೇವಾಂಶ ಸೂಚಕದಲ್ಲಿ ಬಣ್ಣದ ದೀಪಗಳಿವೆ. ಆ ದಾರಿಯೇ ನನಗೆ ಹಿಡಿಸಿತು. ಪಂಪ್‌ಹೌಸಿನಲ್ಲಿ ನೀಲಿ ದೀಪ ಹೊತ್ತಿದರೆ ನೀರು ಸಾಕು, ರಿಲೇ (ಬೋರ್ಡು ಹೇಳಿದಂತೆ ನಡೆಯುವ ಸ್ವಿಚ್ಚು) ಸ್ಟಾರ್ಟರನ್ನು ತಡೆಯುತ್ತದೆ. ಕೆಂಪಾದರೆ ಬಿಡುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ರಿಲೇ ದಾಟಿಸಿ ಮೋಟರು ಹಾಕಲು ಒಂದು ಸ್ವಿಚ್ಚೂ ಇಟ್ಟಿದ್ದೇನೆ, ಕೊನೆಯ ಮಾತು ಬೇಸಾಯ ಮಾಡುವವರದ್ದೇ ಆಗಿರಬೇಕು.

ಪಕ್ಕದ ತೋಟದವರು ಈಗ ಕೇಳುತ್ತಿದ್ದಾರೆ. ಅವರದು ಕೆರೆಗೋಡು (ಕೆರೆಯ ಹೂಳು) ಹೊಡೆಸಿದ ನೆಲ, ನಮ್ಮ ಕೆಮ್ಮಣ್ಣಿಗಿಂತ ಹೆಚ್ಚು ಹೊತ್ತು ನೀರು ಹಿಡಿಯುತ್ತದೆ. ನಮ್ಮ ಅಂಕಿ ಅಲ್ಲಿ ನಡೆಯದು. ಬೋರ್ಡಿಗಿಂತ ಮೊದಲು ಅವರ ಮಣ್ಣನ್ನು ಓವನ್ನಿಗೆ ಒಯ್ಯುತ್ತಿದ್ದೇನೆ.