‘ಹ್ಯಾರೋಯಿಂಗ್’ಗೆ ನಾನು ಹುಡುಕಿದ ಕನ್ನಡ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತಲ್ಲ, ಅದರ ಬಗ್ಗೆ ಒಂದು ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ನಾಲ್ಕನೇ ಸಾಲಿನಲ್ಲೇ ಸಿಕ್ಕಿಬಿದ್ದೆ. ಒಬ್ಬ ತಾಯಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಾಫಿ ತೋಟದೊಳಗೆ ರಾತ್ರಿಯಿಡೀ ನಡೆದಿದ್ದರು. ಅದನ್ನು ವರದಿಗಾರರು ‘ಹ್ಯಾರೋಯಿಂಗ್ (harrowing) ನೈಟ್’, ಅಂದರೆ ಜೀವಕ್ಕೆ ತೀರಾ ಸಂಕಟ ಕೊಟ್ಟ ರಾತ್ರಿ, ಎಂದಿದ್ದರು.

ಮೊದಲು ಸುಮ್ನೆ ‘ಭೀಕರ ರಾತ್ರಿ’ ಎಂದು ಬರೆದೆ. ಸರಿ ಅನ್ನಿಸಲಿಲ್ಲ. ಅಪಘಾತ ಭೀಕರ, ಬೆಂಕಿ ಭೀಕರ, ಬರ ಭೀಕರ. ನಡೆದದ್ದು ಎಷ್ಟು ದೊಡ್ಡದು ಅಂತ ಅದು ಹೇಳುತ್ತದೆ, ಅನುಭವಿಸಿದವರ ಒಳಗೆ ಏನಾಯಿತು ಅಂತ ಹೇಳುವುದಿಲ್ಲ. ‘ಹೃದಯವಿದ್ರಾವಕ’ ಹಾಕಿ ನೋಡಿದೆ. ಆ ಪದ ಓದಿ ಯಾರ ಹೃದಯವೂ ಕರಗಿದ್ದನ್ನು ನಾನಂತೂ ಕಂಡಿಲ್ಲ.

ಆಮೇಲೆ ನಿಘಂಟು ತೆಗೆದೆ. ‘ಹ್ಯಾರೋ’ ಅಂದರೆ ನಮ್ಮ ಹಲುಬೆ! ಉತ್ತ ಹೊಲದ ಹೆಂಟೆ ಒಡೆಯಲು ಎಳೆಯುವ, ಸಾಲುಹಲ್ಲಿನ ಹಲುಬೆ. ಅಜ್ಜನದೊಂದು ಕೊಟ್ಟಿಗೆ ಗೋಡೆಗೆ ಒರಗಿರುತ್ತಿತ್ತು. ಎತ್ತು ಎಳೆದುಕೊಂಡು ಹೋದರೆ ಹಿಂದೆ ಮಣ್ಣಿನ ಮೇಲೆ ಗೆರೆಗೆರೆ. ಹಾಗೆ ಜೀವದ ಮೇಲೆ ಹಲ್ಲೂರಿ ಎಳೆದರೆ ಹ್ಯಾರೋಯಿಂಗ್. ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನಲ್ಲಿ ಅಪ್ಪನ ದೆವ್ವ, ನನ್ನ ಕಥೆ ಕೇಳಿದರೆ ನಿನ್ನ ಜೀವಕ್ಕೆ ಏನಾದೀತು ಎಂದು ಮಗನಿಗೆ ಹೇಳುವಾಗ ಬಳಸುವುದು ಇದೇ ಕ್ರಿಯಾಪದ. ಯೇಸು ನರಕಕ್ಕೆ ಇಳಿದ ಕಥೆಗೂ ಇಂಗ್ಲಿಷಿನಲ್ಲಿ ‘ಹ್ಯಾರೋಯಿಂಗ್’ ಅನ್ನುತ್ತಾರೆ, ಆದರೆ ಅದು ಕೊಳ್ಳೆ ಹೊಡೆಯುವ ಅರ್ಥದ ಬೇರೆ ಪದ. ಇಷ್ಟು ತಿಳಿಯಲು ನನ್ನ ಅರ್ಧ ದಿನ ಹೋಯಿತು.

ಅನುಭವ, ಪ್ರಯಾಣ, ಅದನ್ನು ಹೇಳುವ ಕಥೆ, ಇವಕ್ಕೆಲ್ಲ ಈ ವಿಶೇಷಣ ಒಗ್ಗುತ್ತದೆ. ನೊಂದ ಮನುಷ್ಯರಿಗೆ ಹಾಕುವಂತಿಲ್ಲ. ಟ್ರಾಫಿಕ್‌ನಲ್ಲಿ ಎರಡು ಗಂಟೆ ನಿಂತದ್ದಕ್ಕೂ ಕೆಲವರು ಹಾಕುತ್ತಾರೆ. ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?

ಹಲುಬೆ ಸಿಕ್ಕ ಖುಷಿಯಲ್ಲಿ ‘ಎದೆಯ ಮೇಲೆ ಹಲುಬೆ ಎಳೆದಂಥ ರಾತ್ರಿ’ ಎಂದು ಬರೆದೆ. ಹೆಂಡತಿ ಓದಿ, “ಏನ್ರೀ ಇದು, ಬೇಸಾಯದ ವರದಿನಾ?” ಅಂದಳು.

ಕೊನೆಗೆ ವರದಿಗಾರರಿಂದ ಮೂಲ ರೆಕಾರ್ಡಿಂಗ್ ತರಿಸಿಕೊಂಡೆ. ಆ ತಾಯಿ ಮಾತಾಡಿದ್ದು ಕನ್ನಡದಲ್ಲೇ! “ಆ ರಾತ್ರಿ ನೆನೆಸ್ಕೊಂಡ್ರೆ ಈಗ್ಲೂ ಕೈಕಾಲು ಆಡಲ್ಲ” ಅಂದಿದ್ದರು. ಇಂಗ್ಲಿಷಿಗೆ ಹೋಗುವಾಗ ಆ ಮಾತು ಒಂದು ವಿಶೇಷಣವಾಗಿತ್ತು, ಅಷ್ಟೇ. ನಾನು ವಿಶೇಷಣ ಹೊಡೆದುಹಾಕಿ ಅವರ ಮಾತನ್ನೇ ಇಟ್ಟೆ.